ಹಸಿರು ನೂಲು

ಸಾವಿನ ದಿನದ ಕತೆಯಲ್ಲಿ ಒಂದು ಪ್ಲಗ್ಗಿಗೆ ಇಷ್ಟು ಜಾಗ ಕೊಡುವುದು ಸರಿಯೋ ತಪ್ಪೋ ಎಂಬ ಅಳುಕು ಇದ್ದೇ ಇದೆ, ಓದುವವರು ಮನ್ನಿಸಬೇಕು. ಆದರೆ ಆ ದಿನ ಎಲ್ಲ ನಿಂತುಹೋದದ್ದು ಪ್ಲಗ್ಗಿನಿಂದ, ಮುಂದೆ ಸಾಗಿದ್ದೂ ಪ್ಲಗ್ಗಿನಿಂದಲೇ.

"ನಿಲ್ಸು, ನಿಲ್ಸು! ಹಿಂದೆ ನೋಡ್ಕೊಂಡು ಬಾರಯ್ಯ!"

ಹೆಣದ ವ್ಯಾನಿನವನು ಬ್ರೇಕು ಒತ್ತುವಷ್ಟರಲ್ಲಿ ಹಿಂದಿನ ಚಕ್ರ ಪಂಪಿನ ಪ್ಲಗ್ಗನ್ನು ಅರೆದು, ಕೇಬಲ್ಲನ್ನು ಮಾರುದ್ದ ಎಳೆದುಕೊಂಡು ಹೋಗಿತ್ತು. ಸ್ಮಶಾನದ ಆ ಮೂಲೆ ತಗ್ಗು. ಬೆಳಿಗ್ಗೆ ತೋಡಿದ ಗುಂಡಿಗೆ ಒಸರು ಬಂದು ಮೊಣಕಾಲುದ್ದ ನೀರು ನಿಂತಿತ್ತು. ಗುಂಡಿ ತೋಡುವ ಇಬ್ಬರು ಅದರೊಳಗೇ ನಿಂತು ಬಕೆಟ್ಟಿನಲ್ಲಿ ಮೊಗೆಯುತ್ತಿದ್ದರು, ಮೊಗೆದಷ್ಟೂ ಬರುತ್ತಿತ್ತು. ಅವರ ಕಾಲ ಬಳಿ ಪಂಪು ಮುಳುಗಿ ಕೂತಿತ್ತು. ಇನ್ನೇನು ಅದರ ಪ್ಲಗ್ಗನ್ನು ಸಾಕೆಟ್ಟಿಗೆ ಸಿಕ್ಕಿಸಬೇಕು ಅನ್ನುವಾಗ ಹೀಗಾಯಿತು.

ವ್ಯಾನಿನೊಳಗೆ ಪೆಟ್ಟಿಗೆಯಲ್ಲಿ ಮಲಗಿದ್ದವರು ಮೂವತ್ತೈದು ವರ್ಷ ಊರಿನ ಮೋಟರುಗಳಿಗೆಲ್ಲ ವೈರು ಕಟ್ಟಿದವರು. ಒಂದೊಂದು ಸ್ಕ್ರೂವನ್ನೂ ಮೂರು ಸಲ ಬಿಗಿದು ನೋಡುತ್ತಿದ್ದರಿಂದ ಊರು ಅವರಿಗೆ ನಿಧಾನಪ್ಪ ಎಂದು ಹೆಸರಿಟ್ಟಿತ್ತು. ಹೆಂಡತಿ ಸುಟ್ಟ ಮೋಟರುಗಳಿಗೆ ತಾಮ್ರದ ಸುರುಳಿ ಸುತ್ತುವವಳು. ಎಲ್ಲರ ಬಾಯಲ್ಲಿ ವೈಂಡಿಂಗಕ್ಕ.

"ನಿಧಾನಪ್ಪ ತನ್ನ ಮಣ್ಣಿಗೂ ನಿಧಾನವೇ," ಎಂದಳು ಹಿಟ್ಟಿನ ಮಿಲ್ಲಿನ ಯಜಮಾನಿ, ಕಣ್ಣೊರೆಸಿಕೊಳ್ಳುತ್ತ.

"ಮದುವೆಗೇ ಎರಡು ಗಂಟೆ ತಡ ಮಾಡಿದೋರು, ಬಿಡಿ," ಎಂದಳು ವೈಂಡಿಂಗಕ್ಕ.

ಅಷ್ಟರಲ್ಲಿ ಅವಳ ಮೈದುನ ಕೇಬಲ್ಲು ಎಳೆದುಕೊಂಡು ಬಂದ. ಕಬ್ಬಿಣ ಕಡೆಯುವ ಲೇತಿನಲ್ಲಿ ಕೆಲಸ ಮಾಡುವವನು. ಅಣ್ಣನ ನಿಧಾನಕ್ಕೆಲ್ಲ ಇವನ ಆತುರ ಸರಿಸಮ.

"ಪ್ಲಗ್ಗು ಹೋದ್ರೆ ಹೋಗ್ಲಿ. ತುದಿ ಸುಲಿದು ಸಾಕೆಟ್ಟಿಗೆ ಚುಚ್ಚಿ, ಬೆಂಕಿಕಡ್ಡಿ ತುರುಕಿದ್ರೆ ಆಯ್ತು. ಎರಡು ನಿಮಿಷ."

"ಮುಟ್ಬೇಡ."

"ಅತ್ತಿಗೇ, ಅಣ್ಣನ್ನ ನೀರಿಗೆ ಇಳಿಸೋಣ್ವಾ ಮತ್ತೆ?"

"ನೀರಲ್ಲಿ ಇಬ್ಬರು ನಿಂತಿರೋದು ಕಣ್ಣಿಗೆ ಕಾಣಲ್ವಾ? ಪಂಪಿನ ಮೈಗೆ ಕರೆಂಟು ಬಂದ್ರೆ ಇವತ್ತೇ ಇನ್ನೆರಡು ಗುಂಡಿ ತೋಡಿಸ್ಬೇಕು. ಹತ್ತಿ ಬನ್ರಪ್ಪಾ ಮೇಲೆ, ಇಬ್ರೂ!"

"ಸರಿ, ಕಟ್ಟೋರು ಯಾರು? ಊರಲ್ಲಿ ಇದ್ದೋರು ಒಬ್ರೇ. ಅವರನ್ನೇ ಎಬ್ಬಿಸ್ತೀರಾ?"

"ನಾನು ಕಟ್ತೀನಿ," ಅಂದುಬಿಟ್ಟಳು.

*

ಮದುವೆಯಾದ ಹೊಸತರಲ್ಲಿ ಹಿಟ್ಟಿನ ಮಿಲ್ಲಿನ ಮೋಟರಿಗೆ ಅವಳೇ ಒಂದು ಪ್ಲಗ್ಗು ಕಟ್ಟಿದ್ದಳು. ಗಂಡ ಬಂದವರು ಕೇಬಲ್ಲು ಹಿಡಿದು ಒಮ್ಮೆ ಎಳೆದರು. ನಾಲ್ಕು ಜನರ ಎದುರಿಗೆ ವೈರು ಕಿತ್ತು ಕೈಗೆ ಬಂತು. "ನಿಂದು ಸುತ್ತೋ ಕೈ. ಇದು ಬೇಡ," ಎಂದಿದ್ದರು. ಅವತ್ತಿನಿಂದ ಅವಳು ಪ್ಲಗ್ಗು ಮುಟ್ಟಲಿಲ್ಲ. ಪಕ್ಕದಲ್ಲಿ ಕೂತು ನೋಡುವುದನ್ನು ಮಾತ್ರ ಬಿಡಲಿಲ್ಲ.

"ಮೂರು ವೈರು ಗಿಡ್ಡ, ಅರ್ಥಿಂಗ್ ಮಾತ್ರ ಯಾಕೆ ಉದ್ದ ಬಿಡ್ತೀರಿ?"

"ಯಾರಾದ್ರೂ ಜಗ್ಗಿದ್ರೆ ಆ ಮೂರೂ ಕಿತ್ತು ಬರ್ಲಿ. ಇದು ಕೊನೆಗೆ ಬಿಡ್ಬೇಕು. ಇದು ಹಿಡ್ಕೊಂಡಿದ್ರೆ ಮೋಟರು ಮುಟ್ಟಿದೋರು ಮನೆಗೆ ಹೋಗ್ತಾರೆ."

ಜಗಳ ಆಗುತ್ತಿದ್ದದ್ದು ಬೇರೆ ವಿಷಯಕ್ಕೆ. ಸುರುಳಿಗಳನ್ನು ಬಿಗಿಯಲು ಅವಳು ತಂದಿಡುತ್ತಿದ್ದ ಹಸಿರು ನೂಲು ಸದಾ ಕಾಣೆ. "ನೂಲು ತಿಂತೀರಾ ಹೇಗೆ?" ಎಂದರೆ, "ಇಲಿ ಇರ್ಬೇಕು ಕಣೆ," ಅನ್ನುವರು. ಬೋನು ತಂದಿಟ್ಟಳು. ಮೂವತ್ತು ವರ್ಷದಲ್ಲಿ ಒಂದು ಇಲಿಯೂ ಬೀಳಲಿಲ್ಲ.

*

ಗಂಡನ ಚೀಲ ಮೈದುನನ ಸ್ಕೂಟರಿನಲ್ಲಿತ್ತು. ಒಳಗೆ ನಾಲ್ಕು ಪಿನ್ನಿನ ಹೊಸ ಪ್ಲಗ್ಗೂ ಕರೆಂಟಿನ ಹಾದಿ ನೋಡುವ ಮೀಟರೂ ಸಿಕ್ಕವು. ಅವಳು ಮೊದಲು ಮೇನ್ ಸ್ವಿಚ್ ಇಳಿಸಿ ಮೂರು ಫ್ಯೂಸನ್ನೂ ಕಿತ್ತು ತನ್ನ ಕೈಚೀಲಕ್ಕೆ ಹಾಕಿಕೊಂಡಳು.

"ಅದ್ಯಾಕೆ ಅತ್ತಿಗೆ?"

"ನಿನ್ನಂಥೋರು ಇರ್ತಾರಲ್ಲ, ಅದಕ್ಕೆ."

ಒಡೆದ ಪ್ಲಗ್ಗಿನ ಚೂರುಗಳನ್ನು ಬಿಡಿಸಿದಳು. ಅಗ್ಗದ ಕೇಬಲ್ಲು, ಒಳಗಿನ ನಾಲ್ಕು ವೈರೂ ಒಂದೇ ಕಪ್ಪು. ಅರ್ಥಿಂಗ್ ಯಾವುದು? ಇದೊಂದು ತಪ್ಪಿದರೆ ಕರೆಂಟು ನೇರ ಪಂಪಿನ ಮೈಗೆ, ಅಲ್ಲಿಂದ ನೀರಿಗೆ. ಆಮೇಲೆ ನೋಡಿದಳು: ಮೂರು ಕಿತ್ತು ಬಂದಿದ್ದವು. ನಾಲ್ಕನೆಯದು ಅಷ್ಟು ಜಗ್ಗಾಟದಲ್ಲೂ ತನ್ನ ಸ್ಕ್ರೂ ಬಿಟ್ಟಿರಲಿಲ್ಲ. ಅದರ ಕುತ್ತಿಗೆಗೆ ಹಸಿರು ನೂಲು. ಎರಡು ಸುತ್ತಿನ ಗಂಟು, ಸುರುಳಿಗೆ ಅವಳೇ ಹಾಕುವಂಥದ್ದು.

"ಇಲಿ," ಎಂದಳು.

"ಏನತ್ತಿಗೆ?"

"ಇಲಿ ಸಿಕ್ತು."

ನೂಲನ್ನು ನಂಬಿ ಕೂರಲಿಲ್ಲ. ಪಂಪನ್ನು ಮೇಲೆತ್ತಿಸಿ, ಮೈ ಕೆರೆದು, ಮೀಟರಿನ ಒಂದು ಕಡ್ಡಿ ಅಲ್ಲಿಗೆ, ಇನ್ನೊಂದು ನೂಲಿನ ವೈರಿಗೆ ಹಿಡಿದಳು. ಕುಂಯ್ ಎಂದಿತು. ಉಳಿದ ಮೂರಕ್ಕೆ ತುಟಿಪಿಟಿಕ್ ಎನ್ನಲಿಲ್ಲ. ಜಜ್ಜಿದ ತುದಿಗಳನ್ನು ನೂಲಿನ ಸಮೇತ ಕತ್ತರಿಸಿ, ಒಂದೆಳೆಯೂ ಹೊರಗುಳಿಯದಂತೆ ಹೊಸೆದು ಸ್ಕ್ರೂಗಳ ಕೆಳಗೆ ಕೂರಿಸಿದಳು. ಅರ್ಥಿಂಗನ್ನು ಉದ್ದ ಬಿಟ್ಟಳು. ಕೇಬಲ್ಲಿನ ದಪ್ಪ ಹೊದಿಕೆಯನ್ನೇ ಪಟ್ಟಿ ಹಾಕಿ ಬಿಗಿದಳು. ಪ್ರತಿ ಸ್ಕ್ರೂ ಮೂರು ಸಲ. ಮುಚ್ಚಳ ಹಾಕಿದ ಮೇಲೆ ಅರ್ಥಿಂಗಿನ ಪಿನ್ನಿಗೂ ಪಂಪಿನ ಮೈಗೂ ಇನ್ನೊಮ್ಮೆ ಮೀಟರು.

"ಎಳಿ," ಎಂದಳು ಮೈದುನನಿಗೆ.

ಅವನು ಕಾಲು ಊರಿ ಎಳೆದ. ಬರಲಿಲ್ಲ.

ಪಂಪು ಇಳಿಯಿತು, ಪ್ಲಗ್ಗು ಸಾಕೆಟ್ಟಿಗೆ ಹೋಯಿತು, ಫ್ಯೂಸುಗಳು ಕೂತವು, ಸ್ವಿಚ್ಚು ಎದ್ದಿತು. ಮೋಟರು ಗುಂಯ್‌ಗುಟ್ಟಿತು. ಪೈಪಿನ ಬಾಯಿಂದ ಜೊಲ್ಲಿನಂತೆ ಒಂದೆಳೆ ನೀರು.

"ಆಯ್ತು, ಸುಟ್ಟೋಯ್ತು!" ಮೈದುನ ತಲೆ ಹಿಡಿದುಕೊಂಡ.

"ಉಲ್ಟಾ ತಿರುಗ್ತಿದೆ ಅಷ್ಟೇ, ಸುಮ್ನಿರು!" ಅವಳ ದನಿ ಏರಿತ್ತು. ಸ್ವಿಚ್ಚು ಇಳಿಸಿ, ಪ್ಲಗ್ಗು ಕಿತ್ತು, ಮುಚ್ಚಳ ಬಿಚ್ಚಿದಳು. ನೀರು ಮತ್ತೆ ಏರುತ್ತಿತ್ತು. ಎಲ್ಲರೂ ಸುತ್ತ ಮುತ್ತಿಕೊಂಡು ಬಗ್ಗಿದ್ದರು. ಅರ್ಥಿಂಗ್ ಮುಟ್ಟದೆ, ಉಳಿದ ಮೂರರಲ್ಲಿ ಎರಡನ್ನು ಅದಲು ಬದಲು ಮಾಡಿದಳು. ಮತ್ತೆ ಮೂರು ಸಲ ಬಿಗಿದಳು. ಬೇಗ ಬೇಗ ಎಂದು ಯಾರೂ ಅನ್ನಲಿಲ್ಲ.

ಈ ಸಲ ಪೈಪು ಹಾವಿನಂತೆ ಹೊರಳಿ, ನೀರು ಧೋ ಎಂದು ಚಿಮ್ಮಿ ವ್ಯಾನಿನವನನ್ನು ತಲೆಯಿಂದ ಕಾಲವರೆಗೆ ತೋಯಿಸಿತು. ಸ್ಮಶಾನ ಎಂಬುದನ್ನೂ ಮರೆತು ಜನ ಹೋ ಎಂದು ಕೂಗಿದರು. ಗುಂಡಿ ತೋಡುವ ಹಿರಿಯ ಚಪ್ಪಾಳೆ ತಟ್ಟಿದ.

"ನಮ್ಮ ಮಿಲ್ಲಿನ ಪ್ಲಗ್ಗಲ್ಲೂ ಹಸಿರು ನೂಲಿದೆ," ಎಂದಳು ಮಿಲ್ಲಿನ ಯಜಮಾನಿ. "ಅಂಗಡಿಯಿಂದಲೇ ಹಾಗೆ ಬರುತ್ತೆ ಅಂದ್ಕೊಂಡಿದ್ದೆ."

"ನನ್ನ ಲೇತಲ್ಲೂ," ಎಂದ ಮೈದುನ, ಮೆಲ್ಲಗೆ.

ನೀರು ಖಾಲಿಯಾಗಿ, ಪ್ಲಗ್ಗು ಕಿತ್ತು, ಪಂಪನ್ನು ಮೇಲೆತ್ತಿದ ಮೇಲೆ ಪೆಟ್ಟಿಗೆ ಗಟ್ಟಿ ಮಣ್ಣಿನ ಮೇಲೆ ಕೂತಿತು. ಮಣ್ಣು ಮುಚ್ಚಿ ಆದ ಮೇಲೆ ಉಪಕರಣಗಳನ್ನು ತುಂಬುವಾಗ ಚೀಲದ ತಳದಲ್ಲಿ ನೂಲಿನ ರೀಲು ಅವಳ ಕೈಗೆ ಸಿಕ್ಕಿತು. ಮುಕ್ಕಾಲು ಪಾಲು ಖಾಲಿ. ಅವಳು ಪಂಪಿನ ಪ್ಲಗ್ಗನ್ನು ಮತ್ತೆ ಬಿಚ್ಚಿ, ಉದ್ದ ಬಿಟ್ಟ ವೈರಿನ ಕುತ್ತಿಗೆಗೆ ಎರಡು ಸುತ್ತಿನ ಗಂಟು ಹಾಕಿ, ಹಲ್ಲಿನಿಂದ ನೂಲು ಕಡಿದಳು. ಉಳಿದ ನೂಲೆಲ್ಲ ಊರಿನ ಯಾವ ಯಾವ ಪ್ಲಗ್ಗಿನೊಳಗಿದೆ, ಅದನ್ನು ಮೂವತ್ತು ವರ್ಷ ಇಲಿಯ ತಲೆಗೆ ಯಾಕೆ ಕಟ್ಟಿದರು ಎಂಬುದು ಅವಳಿಗೂ ಗೊತ್ತಿಲ್ಲ.