ಸಾಹೇಬರನ್ನು ಎತ್ತಿಕೊಂಡ ಕೈ

ಟೀಚರಮ್ಮನ ತಲೆಗೆ ಅರ್ಧ ಬಣ್ಣ ಹಚ್ಚಿದ್ದೆ, ಅಷ್ಟರಲ್ಲಿ ಮಾವ ಬಾಗಿಲಿಗೆ ಬಂದು ನಿಂತರು. ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಪಾರ್ಲರ್. ಗಿರಾಕಿಗಳಿದ್ದಾಗ ಮಾವ ಇತ್ತ ತಲೆ ಹಾಕುವವರಲ್ಲ. ಇವತ್ತು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದರು.

"ಸ್ವಲ್ಪ ಒಳಗೆ ಬಾರಮ್ಮ. ಸಾಹೇಬ್ರು ಒಂಥರಾ ಆಡ್ತಿದಾರೆ."

ಸಾಹೇಬರೆಂದರೆ ನನ್ನ ಮಗಳು ಸಾಕಿದ ಕಪ್ಪೆ. ಹಸಿರು ಮರಗಪ್ಪೆ, ಗಾಜಿನ ಪೆಟ್ಟಿಗೆಯಲ್ಲಿ ಹೊಟ್ಟೆ ಬಿಟ್ಟುಕೊಂಡು ದೊಡ್ಡ ಅಧಿಕಾರಿಯ ಗತ್ತಿನಲ್ಲಿ ಕೂರುತ್ತದೆ, ಅದಕ್ಕೇ ಆ ಹೆಸರು. ಹೈಸ್ಕೂಲು ಹುಡುಗಿಗೆ ಅದರ ಮೇಲೇ ಜೀವ. ಕಪ್ಪೆ ನೀರು ಕುಡಿಯುವುದು ಚರ್ಮದಿಂದ, ನಮ್ಮ ಕೈಯಲ್ಲಿರುವುದೆಲ್ಲ ಅದರ ಮೈಯೊಳಕ್ಕೆ ಇಳಿಯುತ್ತದೆ ಎಂದು ಮನೆಮಂದಿಗೆಲ್ಲ ಪಾಠ ಮಾಡಿದ್ದಳು. ಸೋಪು, ಎಣ್ಣೆ, ಕ್ರೀಮು ಯಾವುದೂ ತಾಗಿರದ ಒದ್ದೆ ಕೈ ಮಾತ್ರ, ಅದೂ ಅಗತ್ಯವಿದ್ದರೆ. ಸದಾ ಬಣ್ಣದಲ್ಲೇ ಕೈಯಾಡಿಸುವ ನನ್ನನ್ನಂತೂ ಪೆಟ್ಟಿಗೆಯ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ.

ಮಾವನ ಹತ್ತಿರ ಹೋದಕೂಡಲೇ ನೋವಿನ ಮುಲಾಮಿನ ಘಾಟು ಮೂಗಿಗೆ ಬಡಿಯಿತು.

"ಮಂಡಿಗೆ ಹಚ್ಕೊಂಡ ಕೈಲೇ ಎತ್ಕೊಂಡ್ರಾ?"

"ಪಂಚೆಗೆ ಒರೆಸ್ಕೊಂಡಿದ್ದೆ..."

"ಒರೆಸ್ಕೊಂಡ್ರೆ ಹೋಗ್ಬಿಡುತ್ತಾ ಮಾವ!"

ಒಳಗೆ ಓಡಿದೆ. ಸಾಹೇಬರು ಪೆಟ್ಟಿಗೆಯ ತಳದಲ್ಲಿ ಹಿಂಗಾಲು ಚಾಚಿ ಬಿದ್ದಿದ್ದರು. ಹಸಿರು ಹೋಗಿ ಮೈ ಮಾಸಲು ಕಂದಾಗಿತ್ತು, ಬಾಯಿ ಅರೆ ತೆರೆದಿತ್ತು. ತೊಳೆಯಬೇಕೆಂಬುದು ಗೊತ್ತು, ಎತ್ತುವವರು ಯಾರು? ನನ್ನ ಕೈಯಲ್ಲಿ ಬಣ್ಣ, ಮಾವನ ಕೈಯಲ್ಲಿ ಮುಲಾಮು. ಇಬ್ಬರೂ ಕೈ ಮೇಲೆತ್ತಿಕೊಂಡು, ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳರಂತೆ ನಿಂತೆವು.

"ಏನಮ್ಮಾ, ನನ್ ತಲೆ ಉರೀತಿದೆ!" ಮುಂದಿನ ಕೋಣೆಯಿಂದ ಟೀಚರಮ್ಮನ ಕೂಗು.

"ಬಂದೇ ಟೀಚರ್!"

ಹೋಗಲಿಲ್ಲ. ಹೊಸ ಕೈಗವಸು ಹಾಕಿಕೊಂಡೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆಂದು ಮಗಳು ಹಿಂದಿನ ದಿನವೇ ಹಿಡಿದು ತೆರೆದಿಡುವ ಬಕೆಟ್ ನೀರಿತ್ತು. ಅದರಲ್ಲೇ ಗವಸನ್ನೂ ತೊಳೆದೆ. ಸಾಹೇಬರನ್ನು ತಟ್ಟೆಯಲ್ಲಿ ಮಲಗಿಸಿ, ಮೂಗು ಮುಳುಗದ ಹಾಗೆ ಮೈಮೇಲೆ ನೀರು ಬಿಟ್ಟೆ. ಚೆಲ್ಲಿದೆ, ಮತ್ತೆ ಬಿಟ್ಟೆ. ನಡುವೆ ಮುಂದಕ್ಕೆ ಓಡಿ ಟೀಚರಮ್ಮನ ತಲೆ ತೊಳೆದೆ. ಒಂದು ಕಡೆ ಕಪ್ಪು, ಇನ್ನೊಂದು ಕಡೆ ನರೆ. ಕನ್ನಡಿ ನೋಡಿಕೊಂಡ ಅವರ ಬಾಯಿಂದ ಏನೇನು ಬಂತೋ, ನನ್ನ ಕಿವಿಗೆ ಬೀಳಲಿಲ್ಲ. ಹೊಸ ಗವಸು ಹಾಕಿ ಮತ್ತೆ ಒಳಗೆ ಓಡಿದೆ.

ಮಗಳು ಸ್ಕೂಲಿಂದ ಬರುವ ಹೊತ್ತಾಗುತ್ತಿತ್ತು. ಮಾವ ಕೂರಲಾರರು, ನಿಲ್ಲಲಾರರು. ಕಿಟಕಿಗೆ ಹೋಗುವುದು, ಬಗ್ಗಿ ತಟ್ಟೆ ನೋಡುವುದು, ಮತ್ತೆ ಕಿಟಕಿಗೆ. ಇದು ಸತ್ತರೆ ಹುಡುಗಿ ತಾತನ ಮುಖ ನೋಡುವುದಿಲ್ಲ. ಅವಳ ಹಟ ನನಗೆ ಗೊತ್ತು, ನನ್ನಿಂದಲೇ ಬಂದದ್ದಲ್ಲವೇ.

"ನಾನೇ ಮುಟ್ಟಿದೆ ಅಂತ ಹೇಳ್ತೀನಿ ಮಾವ. ನೀವು ಸುಮ್ನಿರಿ. ನಂಗೆ ಬೈಸ್ಕೊಂಡು ಅಭ್ಯಾಸ ಇದೆ."

ಅವರು ತಲೆಯಾಡಿಸಿದರು. ಒಪ್ಪಿದರು ಅಂದುಕೊಂಡೆ.

ಮಗಳು ಬಂದವಳೇ ಬ್ಯಾಗೂ ಇಳಿಸದೆ ತಟ್ಟೆಯ ಮುಂದೆ ಕುಕ್ಕರಿಸಿದಳು. "ಯಾರು ಮುಟ್ಟಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಮಾವ "ನಾನು ಕಣೇ" ಅಂದುಬಿಟ್ಟರು.

"ಅಷ್ಟು ಸಲ ಹೇಳಿದ್ದೆ ತಾತ! ಯಾಕ್ ಎತ್ಕೊಂಡ್ರಿ? ಯಾಕೆ?"

"ದಿನಾ ಎತ್ಕೋತೀನಿ," ಅಂದರು ಮಾವ. "ನೀನು ಸ್ಕೂಲಿಗೆ ಹೋದ್ಮೇಲೆ. ದಿನಾ ಕೈ ತೊಳ್ಕೊಂಡು, ನೀರಲ್ಲಿ ಒದ್ದೆ ಮಾಡ್ಕೊಂಡೇ ಎತ್ಕೋತಿದ್ದೆ. ಇವತ್ತು ನೋವಿತ್ತು, ಮರ್ತೆ. ಅಂಗೈ ಮೇಲೆ ತಣ್ಣಗೆ ಕೂರುತ್ತೆ, ಓಡಿಹೋಗಲ್ಲ." ಕೈಗಳನ್ನು ತಿರುಗಿಸಿ ನೋಡಿಕೊಂಡರು. "ನಿಮ್ಮಜ್ಜಿ ಹೋದ್ಮೇಲೆ ಈ ಕೈ ಹಿಡಿದೋರು ಯಾರಿದಾರೆ ಹೇಳು? ಅದೊಂದೇ."

ಮಗಳ ಸಿಟ್ಟು ಇಳಿದಿರಲಿಲ್ಲ, ಇಳಿಯಬೇಕೆಂದೂ ಇಲ್ಲ. ತಟ್ಟೆಯಲ್ಲಿ ಸಾಹೇಬರು ಚಾಚಿದ್ದ ಒಂದು ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡರು. ಅವಳು ಮುಖ ಮುಚ್ಚಿಕೊಂಡು ಅತ್ತಳು.

"ಬದುಕುತ್ತಾ?" ಎಂದು ಮಾವ ನನ್ನನ್ನು ಕೇಳಿದರು. ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಬೀದಿಯ ಹೆಂಗಸರ ತಲೆಯನ್ನೆಲ್ಲ ಬೆಳಗಿನಿಂದ ಸಂಜೆಯವರೆಗೆ ಅಂಗೈಯಲ್ಲಿ ಹಿಡಿದುಕೊಳ್ಳುವವಳು ನಾನು. ಒಂದೇ ಮನೆಯಲ್ಲಿರುವ ಈ ಮನುಷ್ಯನನ್ನು ಕೊನೆಯ ಸಲ ಯಾವಾಗ ಮುಟ್ಟಿದ್ದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.