ಹಾಲುಗಾಳಿನ ಪೈರು

೧೯೪೧ರ ಸೆಪ್ಟೆಂಬರ್. ಚೀನಾದ ಮಿಲುವೊ ನದಿಯ ಉತ್ತರದ ರಸ್ತೆಗಳನ್ನು ಊರಿನವರೇ ಅಗೆದು ಗದ್ದೆ ಮಾಡಿದ್ದರು. ಜಪಾನಿ ಫಿರಂಗಿ ಬರಬೇಕಾದರೆ ನೀರು ತುಂಬಿದ ಗದ್ದೆಗಳನ್ನು ಹಾಯ್ದೇ ಬರಬೇಕಿತ್ತು. ಗದ್ದೆಗಳ ಅಂಚಿನ ದಿಬ್ಬದ ಹಿಂಬದಿಗೆ, ನದಿಯ ಕಡವಿನಲ್ಲಿ, ಗಾಯಾಳುಗಳನ್ನು ದೋಣಿಯಲ್ಲಿ ದಾಟಿಸುತ್ತಿದ್ದರು. ಫಿರಂಗಿ ದಿಬ್ಬದ ಮೇಲೇರಿದರೆ ದೋಣಿಗಳು ಅದರ ಗುರಿಗೆ ಸಿಗುತ್ತಿದ್ದವು. ಸಂಜೆಯವರೆಗೆ ಫಿರಂಗಿ ದಿಬ್ಬ ಹತ್ತದಂತೆ ತಡೆಯುವುದು ಚೀನೀ ಸೇನೆಯ ಶಿಯಾಂಗ್‌ನ ತುಕಡಿಯ ಕೆಲಸ.

ದಿಬ್ಬದ ಬುಡದಲ್ಲಿ ಒಂದೇ ಗದ್ದೆಯಲ್ಲಿ ಪೈರು ಇನ್ನೂ ಕೊಯ್ಯದೆ ನಿಂತಿತ್ತು. ಅದರ ಒಡತಿ, ವಿಧವೆ ಓಯಾಂಗ್, ಬದುವಿನ ಮೇಲೆ ಕೂತಿದ್ದಳು.

"ಕೊಯ್ದು ಸಾಗಿಸ್ಬೇಕು ಅತ್ತೆ," ಎಂದ ಶಿಯಾಂಗ್. "ಬಿಟ್ರೆ ಅವರೇ ಕೊಯ್ದು ಚಕ್ರದ ಕೆಳಗೆ ಹಾಸ್ಕೊಂಡು ದಾಟ್ತಾರೆ. ಮೇಲಿನವರ ಆಜ್ಞೆ."

ಅವಳು ಒಂದು ತೆನೆ ಹಿಸುಕಿದಳು. ಬೆರಳಿಗೆ ಬಿಳಿ ಹಾಲು ಹತ್ತಿತು. "ಬಲಿಯದ ಹಾಲುಗಾಳಿಗೆ ಯಾರಾದ್ರೂ ಕುಡುಗೋಲು ಹಾಕ್ತಾರೇನೋ? ಮೀಸೆ ಬಂದಿದೆ, ಬುದ್ಧಿ ಬಂದಿಲ್ಲ ನಿಂಗೆ. ನೀರಲ್ಲಿ ನಾಕು ದಿನ ನಿಂತ್ರೂ ಬದುಕ್ತದೆ. ಇದು ಹೋದ್ರೆ ಚಳಿಗಾಲಕ್ಕೆ ನಾನು ಮಣ್ಣು ತಿನ್ಬೇಕು."

ಶಿಯಾಂಗ್ ತನ್ನವರತ್ತ ತಿರುಗಿದ. ಎಲ್ಲರೂ ಭತ್ತ ಬೆಳೆಯುವವರ ಮಕ್ಕಳೇ. ಯಾರೂ ಕದಲಲಿಲ್ಲ.

"ಜಪಾನಿಯೋರನ್ನ ಕೊಲ್ಲು ಅನ್ನಿ, ಕೊಲ್ತೀನಿ," ಎಂದ ಮಷಿನ್ ಗನ್ನಿನ ಫು. "ಇದೊಂದು ಕೈಲಾಗಲ್ಲ."

ಶಿಯಾಂಗ್‌ನಿಗೂ ಆಗಲಿಲ್ಲ. ಪೈರು ಉಳಿಯಿತು.

ಮಧ್ಯಾಹ್ನ ಫಿರಂಗಿ ಬಂತು. ಎರಡು ಗದ್ದೆ ಆಚೆಗೆ ಚಕ್ರದ ನಡುವಿನ ಗುಂಬದವರೆಗೆ ಕೆಸರಲ್ಲಿ ಹೂತುಕೊಂಡಿತು. ಸ್ವಲ್ಪ ಹೊತ್ತಿಗೆ ಜಪಾನಿ ಸೈನಿಕರು ಓಯಾಂಗಳ ಗದ್ದೆಗೆ ಇಳಿದು ಕೊಯ್ಯತೊಡಗಿದರು.

"ಅವರೂ ರೈತರೇ ಇರ್ಬೇಕು," ಎಂದ ಫು. "ಕೈ ನೋಡಿ, ಪೈರಿನ ಬುಡಕ್ಕೇ ಹೋಗ್ತದೆ."

ಕೆಸರಿಗೆ ಹಾಸಿದ ಪೈರಿನ ಕಟ್ಟುಗಳ ಮೇಲೆ ಫಿರಂಗಿಯ ಚಕ್ರ ಉರುಳಿತು. ಗುಂಡು ಹಾರಿಸಿದರೆ ತಾವಿರುವ ಜಾಗ ಬಯಲಾಗುತ್ತದೆಂದು ಶಿಯಾಂಗ್ ಅಲ್ಲಿಯವರೆಗೆ ಸುಮ್ಮನಿದ್ದ. ಈಗ ಬೇರೆ ದಾರಿ ಇರಲಿಲ್ಲ.

"ಹೊಡಿ."

ಕೊಯ್ಯುತ್ತಿದ್ದವರು ಪೈರಿನಲ್ಲೇ ಬಿದ್ದರು. ಫಿರಂಗಿ ನಿಂತಿತು. ಆದರೆ ದೂರದ ಬೇರೆ ಫಿರಂಗಿಗಳಿಂದ ಬಂದ ಶೆಲ್ಲುಗಳು ದಿಬ್ಬವನ್ನು ಹುಡುಕಿದವು. ಫು ಮತ್ತು ಅವನ ಜೊತೆಗಾರ ಸತ್ತರು. ಕತ್ತಲಾಗುವಷ್ಟರಲ್ಲಿ ಗಾಯಾಳುಗಳ ಕೊನೆಯ ದೋಣಿ ದಾಟಿತ್ತು. ತುಕಡಿಗೆ ಹಿಂದೆ ಸರಿಯಲು ಆಜ್ಞೆ ಬಂತು.

ದಿಬ್ಬದ ಹಿಂದೆ ಅಡಗಿದ್ದ ಓಯಾಂಗ್ ಎದ್ದು ಬಂದು ಫುವಿನ ಮುಖ ನೋಡಿದಳು.

"ಮುಂದಿನೂರಲ್ಲೂ ಪೈರು ನಿಂತಿದೆ," ಎಂದ ಶಿಯಾಂಗ್. "ಈ ಸಲ ನಾನೇ ಕೊಯ್ತೀನಿ."

"ನಿನ್ನ ಮಾತು ಆ ಊರಿನ ಹೆಂಗಸರು ಕೇಳಲ್ಲ ಕಣೋ," ಎಂದಳು ಅವಳು. "ನಡಿ. ನಾನೂ ಬರ್ತೀನಿ."