ಜೋರಾಗಿರೋ ಫೋನು

ನಾನು ಕೇಳಿದ್ದು ಒಂದೇ ಮಾತು, ಅದೂ ನೆಟ್ಟಗೆ ಕನ್ನಡದಲ್ಲಿ. ಹಳೇ ಫೋನು ಹಿಟ್ಟು ಕುಡಿದು ಸತ್ತಾಗ ಮಗಳು ಲಾಸ್ಯ ವಿಜಯನಗರದಿಂದ ಬಂದಿದ್ದಳು. "ಎಂಥ ಫೋನ್ ಬೇಕು ಅಪ್ಪಾಜಿ?" ಅಂದಳು. "ಜೋರಾಗಿರೋದು ತಗೊಂಬಾಮ್ಮ," ಅಂದೆ. ಮೈಸೂರಿನ ಅಗ್ರಹಾರದಲ್ಲಿ ಹಿಟ್ಟಿನ ಗಿರಣಿ ನಡೆಸುವವನಿಗೆ ಇನ್ನೆಂಥದ್ದು ಬೇಕು ಹೇಳಿ? ಮಿಷನ್ ಓಡುವಾಗ ಪಕ್ಕದಲ್ಲಿ ನಿಂತು ಕಿರುಚಿದರೂ ನನಗೆ ಕೇಳುವುದಿಲ್ಲ.

ಹಿಂದಿನ ಬೀದಿಯಲ್ಲೇ ಮನೆ. ಹಗಲೆಲ್ಲ ಅಲ್ಲಿ ನನ್ನ ಹೆಂಡತಿ ಪುಟ್ಟಬಸಮ್ಮ ಒಬ್ಬಳೇ. ಅವಳಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡು ಊಟ ತಡವಾದರೆ ಸಕ್ಕರೆ ತೀರ ಇಳಿದು, ಮೈ ಬೆವತು, ಕೈಕಾಲು ನಡುಗುತ್ತವೆ. ಆಗ ಫೋನ್ ಮಾಡುತ್ತಾಳೆ, ನಾನು ಮಿಷನ್ ನಿಲ್ಲಿಸಿ ಓಡಿಹೋಗಿ ಸಕ್ಕರೆ ನೀರು ಕುಡಿಸುತ್ತೇನೆ. ನನ್ನ ಫೋನಿನ ಮುಖ್ಯ ಕೆಲಸ ಇದು. ಮಿಕ್ಕಿದ್ದು, ಗಿರಾಕಿಗಳ ದುಡ್ಡು ಬಂತೋ ಇಲ್ಲವೋ ನೋಡುವುದು, ಅಷ್ಟೆ.

ಲಾಸ್ಯ ತಂದದ್ದು ಕನ್ನಡಿಯ ಹಾಗೆ ಹೊಳೆಯುವ ತೆಳ್ಳನೆಯ ಹಲಗೆ. ಆಗಷ್ಟೇ ಬಂದ ಮಾಡೆಲ್ಲಂತೆ.

"ಚಂದ್ರನ ಮೇಲಿರೋ ಗುಂಡಿನೂ ಕಾಣುತ್ತೆ ಅಪ್ಪಾಜಿ, ಕ್ಯಾಮೆರಾ ಹಂಗಿದೆ."

"ಚಂದ್ರನ ಗುಂಡಿ ಕಟ್ಕೊಂಡು ನಾನೇನ್ ಮಾಡ್ಲಮ್ಮ? ನಮ್ಮ ಬೀದಿ ಗುಂಡಿನೇ ಸಾಕಾಗಿದೆ."

ಮುಖ ತೋರಿಸಿದರೆ ಫೋನ್ ತೆರೆದುಕೊಳ್ಳುತ್ತೆ ಅಂದಳು. ಮನೆಯಲ್ಲಿ ತೆರೆದುಕೊಂಡಿತು. ಗಿರಣಿಯಲ್ಲಿ ಹುಬ್ಬು, ಮೀಸೆ ಎಲ್ಲ ಹಿಟ್ಟು ಮೆತ್ತಿಕೊಂಡು ನಿಂತರೆ, ಇವನ್ಯಾರೋ ಬೇರೆಯವನು ಅಂತ ಮೊಂಡು ಹಿಡಿಯಿತು. ಫೋನ್ ನೋಡಲು ನಾನು ಮುಖ ತೊಳೆದು ಬರಬೇಕಂತೆ. ಅದೆಲ್ಲ ಹಾಳಾಗಿಹೋಗಲಿ, ದನಿಯಾದರೂ ಬೇಡವೇ? ಪೂರ್ತಿ ಏರಿಸಿದರೂ ದೇವರ ಮನೆಯ ಗಂಟೆಯ ಹಾಗೆ ಮೆಲ್ಲಗೆ ಟಿಂಯ್ ಅನ್ನುತ್ತಿತ್ತು.

"ಇದು ಜೋರಾಗಿಲ್ಲ ಕಣಮ್ಮ," ಅಂದೆ.

"ಇದಕ್ಕಿಂತ ಜೋರಾಗಿರೋದು ಇಡೀ ಮೈಸೂರಲ್ಲೇ ಸಿಗಲ್ಲ," ಅಂತ ಮುಖ ಊದಿಸಿಕೊಂಡು ಹೊರಟುಹೋದಳು.

ಶನಿವಾರ ಗೋಧಿ ಬೀಸುತ್ತಿದ್ದೆ. ನಮ್ಮ ಎದುರುಮನೆಯ ಸುಮಿತ್ರಮ್ಮ ಗಿರಣಿ ಬಾಗಿಲಲ್ಲಿ ನಿಂತು ಕೈ ಆಡಿಸಿದರು. ಹಿಟ್ಟು ಆಯಿತಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು, ಇನ್ನೂ ಇಲ್ಲ ಅಂತ ನಾನೂ ಕೈ ಆಡಿಸಿದೆ. ಅವರು ಒಳಗೆ ನುಗ್ಗಿ ಸ್ವಿಚ್ಚನ್ನೇ ಆರಿಸಿಬಿಟ್ಟರು.

"ಪುಟ್ಟಬಸಮ್ಮ ಬಿದ್ಬುಟ್ಟಿದ್ರು ಕಣ್ರೀ. ನಾನೇ ಸಕ್ಕರೆ ನೀರು ಕುಡಿಸಿ ಬಂದೆ. ನಿಮಗೆ ಫೋನ್ ಮಾಡಿ ಮಾಡಿ ಸಾಕಾಯ್ತಂತೆ."

ಹೇಗೆ ಮನೆ ಸೇರಿದೆನೋ ಗೊತ್ತಿಲ್ಲ. ಅವಳು ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು, ಫೋನು ಇನ್ನೂ ಕೈಯಲ್ಲೇ ಇತ್ತು. "ನೀವು ಎತ್ತಲೇ ಇಲ್ಲ," ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

ಸಂಜೆ ಲಾಸ್ಯ ಓಡಿಬಂದಳು. ನನ್ನ ಸಿಟ್ಟೆಲ್ಲ ಅವಳ ಮೇಲೆ ಹೋಯಿತು. "ಜೋರು ಅಂದ್ರೆ ಸದ್ದು ಕಣಮ್ಮ. ಶೋಕಿ ಅಲ್ಲ."

ಅವಳು, "ಅಪ್ಪಾಜಿ ಯಾವತ್ತೂ ಏನೂ ಕೇಳಿರ್ಲಿಲ್ಲ. ಜೋರಾಗಿರೋದು ಅಂದ್ರಲ್ಲ, ಗ್ರ್ಯಾಂಡಾಗಿ ಕೊಡ್ಸೋಣ ಅಂದ್ಕೊಂಡೆ," ಅಂತ ಅತ್ತಳು. ಇನ್ನು ಯಾರ ಮೇಲೆ ರೇಗಲಿ?

ಆ ಹಲಗೆಯನ್ನು ಅವಳಿಗೇ ಕೊಟ್ಟು, ಮರುದಿನ ಇಬ್ಬರೂ ಮಂಡಿ ಮೊಹಲ್ಲಾದ ಫೋನಿನ ಅಂಗಡಿಗೆ ಹೋದೆವು. ಅಂಗಡಿಯ ಮಂಟೇಸ್ವಾಮಿಯೂ ಹೊಸ ಮಾಡೆಲ್ಲಿನ ಪುರಾಣವನ್ನೇ ಶುರುಮಾಡಿದ. "ಸ್ವಾಮಿ, ನಮ್ ಗಿರಣಿಗೆ ಬಂದು ಬಾರಿಸಿ ತೋರ್ಸಿ. ಯಾವುದು ಕೇಳ್ಸುತ್ತೋ ಅದು ಕೊಡಿ," ಅಂದೆ. ಪಾಪ, ಒಂದು ಚೀಲ ಫೋನು ಹೊತ್ತು ಬಂದ. ಗೆದ್ದದ್ದು ಹೋದ ವರ್ಷದ, ಯಾರೂ ಕೇಳದ ಒಂದು ದಪ್ಪ ಫೋನು. ಅದು ಬಡಿದುಕೊಂಡರೆ ಬೀದಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ತೆರೆಯಲು ನಾಲ್ಕು ಅಂಕಿ ಒತ್ತಿದರೆ ಸಾಕು, ನನ್ನ ಮುಖ ಅದಕ್ಕೆ ಬೇಕಾಗಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಪುಟ್ಟಬಸಮ್ಮ ಶುರುಮಾಡಿದಳು. ಹೊತ್ತು ಗೊತ್ತಿಲ್ಲದೆ ಫೋನ್. ಮಿಷನ್ ನಿಲ್ಲಿಸಿ ಎತ್ತಿದರೆ, "ಏನಿಲ್ಲ, ಕೇಳ್ಸುತ್ತಾ ಅಂತ ನೋಡ್ದೆ," ಅನ್ನುತ್ತಾಳೆ. ಗಿರಾಕಿಗಳು ಗೊಣಗಿದರು. "ಕೆಲಸ ಮಾಡೋಕೆ ಬಿಡೇ ಮಾರಾಯ್ತಿ," ಅಂತ ಕೊನೆಗೊಂದು ದಿನ ಗದರಿಬಿಟ್ಟೆ.

ಆ ಮಧ್ಯಾಹ್ನ ಫೋನು ಬಡಿದುಕೊಳ್ಳಲಿಲ್ಲ. ಊಟದ ಹೊತ್ತು ಮೀರಿದರೂ ಬಡಿದುಕೊಳ್ಳಲಿಲ್ಲ. ಬೀಸುತ್ತಿದ್ದ ರಾಗಿಯನ್ನು ಅರ್ಧಕ್ಕೇ ಬಿಟ್ಟು ಓಡಿದೆ.

ಅವಳು ಉಂಡು, ಚಾಪೆಯ ಮೇಲೆ ಹಾಯಾಗಿ ಮಲಗಿದ್ದಳು. ನನ್ನ ಸದ್ದಿಗೆ ಕಣ್ಣು ಬಿಟ್ಟಳು.

"ಯಾಕ್ರೀ ಬಂದ್ರಿ? ನಾನು ಫೋನ್ ಮಾಡ್ಲಿಲ್ವಲ್ಲ."

"ಮಾಡ್ಲಿಲ್ಲ, ಅದಕ್ಕೇ ಬಂದೆ ಕಣೇ," ಅಂದೆ.